ಕನ್ನಡ ಅಕ್ಷರವೂ ಗಣಕಯಂತ್ರವೂ

ಸೀಸದ ಮೊಳೆಗಳನ್ನು ಜೋಡಿಸಿ ಅಚ್ಚು ಹಾಕಿದ ಪುಸ್ತಕಕ್ಕೂ ಗಣಕಯಂತ್ರದಲ್ಲಿ ಬರೆದಿಟ್ಟ ಕಡತಕ್ಕೂ ನಡುವೆ ಒಂದು ದೊಡ್ಡ ಅಂತರವಿದೆ. ಪುಸ್ತಕ ಒಮ್ಮೆ ಅಚ್ಚಾಯಿತೆಂದರೆ ಆಮೇಲೆ ಮೊಳೆಗಳನ್ನು ಕರಗಿಸಿದರೂ, ಅಚ್ಚುಕೂಟಕ್ಕೇ ಬೀಗ ಬಿದ್ದರೂ ಓದುಗನಿಗೆ ನಷ್ಟವೇನಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಹೊರಬಂದ ಕಿಟೆಲ್ ನಿಘಂಟಿನ ಮೊಳೆಗಳು ಎಲ್ಲಿ ಹೋದುವೋ, ನಿಘಂಟನ್ನು ಮಾತ್ರ ಯಾವ ಗ್ರಂಥಾಲಯದ ಬೀರುವಿನಿಂದ ತೆಗೆದರೂ ಓದಬಹುದು. ಗಣಕಯಂತ್ರದ ಕಡತದ ಹಣೆಬರಹ ಬೇರೆ. ಬರೆದ ದಿನ ಯಂತ್ರದಲ್ಲಿ ಯಾವ ಫಾಂಟು ಇತ್ತೋ ಓದುವ ದಿನವೂ ಅದೇ ಫಾಂಟು ಇರಬೇಕು. ಇಲ್ಲವಾದರೆ ಕನ್ನಡವಿದ್ದ ಜಾಗದಲ್ಲಿ ಚೌಕಗಳು, ಚುಕ್ಕೆಗಳು, ಯಾವುದೋ ದೇಶದ ನಾಣ್ಯದ ಗುರುತುಗಳು ಕಾಣಿಸುತ್ತವೆ.

1990ರ ದಶಕದ ಆರಂಭದಿಂದ ಸುಮಾರು ಇಪ್ಪತ್ತು ವರ್ಷಗಳ ಕಾಲ ಕನ್ನಡಿಗರು ಗಣಕಯಂತ್ರದಲ್ಲಿ ಬರೆದದ್ದರ ಬಹುಭಾಗ ಇಂಥ ಕಡತಗಳಲ್ಲಿಯೇ ಇದೆ. ಊರಿನಿಂದ ದೂರವಿರುವ ನಮ್ಮಂಥ ಸಂಘಗಳ ಸ್ಮರಣ ಸಂಚಿಕೆಗಳು, ವಾರ್ಷಿಕ ವರದಿಗಳು, ನಾಟಕದ ಪ್ರತಿಗಳು, ಸದಸ್ಯರ ಯಾದಿಗಳು ಎಲ್ಲವೂ ಅದರಲ್ಲಿ ಸೇರಿವೆ. ಹೀಗೇಕಾಯಿತು, ಕನ್ನಡ ಅಕ್ಷರ ಗಣಕಯಂತ್ರದೊಳಕ್ಕೆ ಹೇಗೆ ಬಂತು ಎಂಬುದನ್ನು ವಾಚಕರ ಮುಂದಿಡುವ ಯತ್ನ ಇದು. ನಾವು ಲಿಪಿತಜ್ಞರಲ್ಲ. ವಿಜ್ಞಾನದ ಪದವಿ ಪಡೆದು, ಮುಂಬಯಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುತ್ತ, ಬಿಡುವಿನಲ್ಲಿ ಸಂಘದ ಪತ್ರಿಕೆಯ ಕೆಲಸಕ್ಕೆ ಕೈಹಚ್ಚುವವರು. ಕಡತ ನೋಡಿಕೊಳ್ಳುವುದೇ ಕಸುಬಾದವರಿಗೆ ಕಡತ ಹಾಳಾಗುವುದನ್ನು ಕಂಡರೆ ಸಂಕಟವಾಗುತ್ತದೆ, ಅಷ್ಟೆ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಕನ್ನಡದ ಅಚ್ಚುಮೊಳೆ ಹುಟ್ಟಿದ್ದು ಕರ್ನಾಟಕದಲ್ಲಲ್ಲ. ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ದೂರದ ಬಂಗಾಳದ ಸೆರಾಂಪುರದಲ್ಲಿ. ಮೂರು ವರ್ಷಗಳ ಮೇಲೆ ಮೆಕೆರೆಲ್ ಎಂಬ ಇನ್ನೊಬ್ಬ ಆಂಗ್ಲನ ವ್ಯಾಕರಣ ಮದರಾಸಿನಲ್ಲಿ ಅಚ್ಚಾಯಿತು. ಬಳ್ಳಾರಿ, ಬೆಂಗಳೂರು, ಮಂಗಳೂರುಗಳಲ್ಲಿ ಮಿಷನರಿಗಳ ಮುದ್ರಣಾಲಯಗಳು ನೆಲೆಯೂರಿದ್ದು ಆ ಬಳಿಕ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಮೊಳೆಯಚ್ಚಿನಲ್ಲಿ ಬಂದದ್ದಲ್ಲ, ಕಲ್ಲಚ್ಚಿನಲ್ಲಿ ಬಂದದ್ದು. ಕೈಯಲ್ಲಿ ಬರೆದದ್ದನ್ನೇ ಕಲ್ಲಿನ ಮೇಲಿಳಿಸಿ ಪ್ರತಿ ತೆಗೆಯುವ ಪದ್ಧತಿ ಅದು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋದ ಮೇಲೆ ಮೊಳೆಗಳಲ್ಲಿ ಅಚ್ಚಾಗತೊಡಗಿತು.

ಮೊಳೆ ಮಾಡುವವರಿಗೆ ಕನ್ನಡ ಸುಲಭದ ಭಾಷೆಯಾಗಿರಲಿಲ್ಲ. ಇಂಗ್ಲಿಷಿನವರಿಗೆ ಇಪ್ಪತ್ತಾರು ಅಕ್ಷರ, ದೊಡ್ಡದು ಚಿಕ್ಕದು ಸೇರಿದರೆ ಐವತ್ತೆರಡು. ನಮಗಾದರೋ ಒಂದೊಂದು ವ್ಯಂಜನಕ್ಕೂ ಗುಣಿತಾಕ್ಷರದ ಸಾಲು, ಅದರ ಕೆಳಗೆ ಒತ್ತು, ಒತ್ತಿಗೆ ಮತ್ತೊಂದು ಒತ್ತು. 'ರಾಷ್ಟ್ರ' ಎಂಬ ಒಂದು ಮಾತನ್ನು ಜೋಡಿಸುವಾಗ ಕಂಪೋಸಿಟರನ ಕೈ ಎಷ್ಟು ಗೂಡುಗಳಿಗೆ ಹೋಗಿ ಬರಬೇಕಿತ್ತು ಎಂಬುದನ್ನು ಊಹಿಸಬಹುದು. ಮುಂದೆ ಟೈಪ್‌ರೈಟರ್ ಬಂದಾಗ ಕಷ್ಟ ಇನ್ನೂ ಹೆಚ್ಚಿತು. ಆ ಯಂತ್ರದಲ್ಲಿ ತೊಂಬತ್ತರ ಆಸುಪಾಸು ಚಿಹ್ನೆಗಳಿಗಷ್ಟೇ ಜಾಗ. ಕೆ. ಅನಂತಸುಬ್ಬರಾಯರು ಅಷ್ಟರಲ್ಲಿಯೇ ಕನ್ನಡವನ್ನು ಕೂರಿಸಿದರು. ಅಕ್ಷರಗಳನ್ನು ತುಂಡುತುಂಡು ಮಾಡಿ, ತಲೆಕಟ್ಟು ಬೇರೆ, ಕೊಂಬು ಬೇರೆ, ದೀರ್ಘ ಬೇರೆ ಎಂದು ಹಂಚಿ, ಕೆಲವು ಕೀಲಿಗಳನ್ನು ಒತ್ತಿದಾಗ ಕಾಗದ ಮುಂದಕ್ಕೆ ಸರಿಯದಂತೆ ಮಾಡಿದ ಜಾಣ್ಮೆಯ ಏರ್ಪಾಡು ಅದು. ಟೈಪ್‌ರೈಟರಿನ ಕನ್ನಡ ಅಷ್ಟೇನೂ ಚೆಲುವಾಗಿರಲಿಲ್ಲವೆಂಬುದು ನಿಜ. ಆದರೂ ಕಾಗದದ ಮೇಲೆ ಬಿದ್ದದ್ದು ಕನ್ನಡವೇ. ಅದನ್ನು ಓದುವುದಕ್ಕೆ ಮತ್ತೊಂದು ಟೈಪ್‌ರೈಟರ್ ಬೇಕಾಗಿರಲಿಲ್ಲ.

ಅಕ್ಷರವನ್ನು ತುಂಡು ಮಾಡುವ ಈ ಉಪಾಯವನ್ನು ವಾಚಕರು ನೆನಪಿನಲ್ಲಿಡಬೇಕು. ಗಣಕಯಂತ್ರದಲ್ಲಿ ಅದೇ ಮತ್ತೊಮ್ಮೆ ಬರುತ್ತದೆ, ಅಲ್ಲಿ ಅದರ ಫಲ ಬೇರೆಯಾಗುತ್ತದೆ.

ಗಣಕಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಇಂತಿಂಥ ಸಂಖ್ಯೆಗೆ ಇಂತಿಂಥ ಅಕ್ಷರ ಎಂದು ಮೊದಲೇ ಒಪ್ಪಂದವಾಗಿರಬೇಕು. ಅಮೆರಿಕದಲ್ಲಿ 1963ರಲ್ಲಿ ಗೊತ್ತುಮಾಡಿದ ಆಸ್ಕಿ ಎಂಬ ಒಪ್ಪಂದದಲ್ಲಿ 128 ಮನೆಗಳಿದ್ದವು. ಇಂಗ್ಲಿಷ್ ಅಕ್ಷರ, ಅಂಕಿ, ವಿರಾಮಚಿಹ್ನೆಗಳಿಗೆ ಅಷ್ಟು ಧಾರಾಳವಾಗಿ ಸಾಕು. ಯಂತ್ರದ ಒಂದು ಬೈಟಿನಲ್ಲಿ 256 ಸಂಖ್ಯೆಗಳಿಗೆ ಎಡೆಯಿರುವುದರಿಂದ ಇನ್ನೂ 128 ಮನೆ ಖಾಲಿ ಉಳಿಯಿತು. ಯುರೋಪಿನವರು ಅಲ್ಲಿ ತಮ್ಮ ತಲೆಗೆರೆಯ ಅಕ್ಷರಗಳನ್ನೂ ಪೌಂಡು, ಯೆನ್ ಮುಂತಾದ ಗುರುತುಗಳನ್ನೂ ತುಂಬಿಕೊಂಡರು.

ನಮ್ಮ ದೇಶದವರು ಸುಮ್ಮನೆ ಕುಳಿತಿರಲಿಲ್ಲ. ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾಗಿ ಮುಂದೆ ಪುಣೆಯ ಸಿ-ಡ್ಯಾಕ್ ಸಂಸ್ಥೆಗೆ ಬಂದ 'ಜಿಸ್ಟ್' ಎಂಬ ಯೋಜನೆ ನಿಜಕ್ಕೂ ವಿವೇಕದ್ದು. ಗಣಕಯಂತ್ರದೊಳಗೆ ಒಂದು ಹಲಗೆಯನ್ನು ಸಿಕ್ಕಿಸಿದರೆ ಭಾರತೀಯ ಲಿಪಿಗಳು ಪರದೆಯ ಮೇಲೆ ಮೂಡುತ್ತಿದ್ದವು. ಅದಕ್ಕೆ ಹೊಂದುವ ಇನ್‌ಸ್ಕ್ರಿಪ್ಟ್ ಕೀಲಿಮಣೆ 1986ರಲ್ಲಿ ಬಂತು. ಖಾಲಿ ಉಳಿದಿದ್ದ 128 ಮನೆಗಳಲ್ಲಿ ಭಾರತೀಯ ಅಕ್ಷರಗಳನ್ನು ಕೂರಿಸುವ 'ಇಸ್ಕಿ' ಒಪ್ಪಂದ 1988ರಲ್ಲಿ ರೂಪುಗೊಂಡು 1991ರಲ್ಲಿ ಭಾರತೀಯ ಮಾನಕ ಬ್ಯೂರೋದ ಮುದ್ರೆ ಪಡೆಯಿತು.

ಇಸ್ಕಿಯ ಹಿರಿಮೆ ಎಲ್ಲಿದೆಯೆಂದರೆ, ಅದು ಅಕ್ಷರದ ಆಕಾರಕ್ಕೆ ಸಂಖ್ಯೆ ಕೊಡಲಿಲ್ಲ, ಉಚ್ಚಾರಕ್ಕೆ ಕೊಟ್ಟಿತು. 'ಕ' ಎಂಬ ಧ್ವನಿಗೆ ಕನ್ನಡ, ತೆಲುಗು, ದೇವನಾಗರಿ ಎಲ್ಲದರಲ್ಲೂ ಒಂದೇ ಸಂಖ್ಯೆ. 'ಕ್ಷ' ಎಂದು ಬರೆದರೆ ಯಂತ್ರದ ನೆನಪಿನಲ್ಲಿ ಉಳಿಯುವುದು ಕ, ಹಲಂತ, ಷ ಎಂಬ ಮೂರು ಸಂಖ್ಯೆಗಳು. ಅದನ್ನು ಯಾವ ಚಿತ್ರವಾಗಿ ತೋರಿಸಬೇಕೆಂಬುದು ಹಲಗೆಯ ಕೆಲಸ. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ರಾಜಭಾಷಾ ನಿಯಮದ ಒತ್ತಾಯದಿಂದ ಹಿಂದಿಗೆಂದು ತರಿಸುತ್ತಿದ್ದ ಏರ್ಪಾಡುಗಳಲ್ಲಿ ಈ ಬಗೆಯವೂ ಇದ್ದವು. ಅವು ಕನ್ನಡವನ್ನೂ ಬಲ್ಲವು ಎಂಬುದನ್ನು ಯಾರೂ ಹೇಳಲಿಲ್ಲ, ಕೇಳುವವರೂ ಹೆಚ್ಚಿರಲಿಲ್ಲ!

ಇಷ್ಟು ಒಳ್ಳೆಯ ವ್ಯವಸ್ಥೆ ಮೂಲೆಗೆ ಬಿದ್ದದ್ದು ವಿಂಡೋಸ್ ಬಂದ ಮೇಲೆ. 1992ರ ವಿಂಡೋಸ್ 3.1ರಲ್ಲಿ ಟ್ರೂಟೈಪ್ ಎಂಬ ಬಗೆಯ ಫಾಂಟುಗಳಿಗೆ ಅವಕಾಶವಾಯಿತು. ಅಂಥ ಫಾಂಟು ಒಂದು ಚಿಕ್ಕ ಕಡತ, ಫ್ಲಾಪಿಯಲ್ಲಿ ಹಿಡಿಯುತ್ತದೆ. ಕಂಟ್ರೋಲ್ ಪ್ಯಾನೆಲ್ ತೆರೆದು, ಫಾಂಟುಗಳ ಪೆಟ್ಟಿಗೆಗೆ ಹೋಗಿ, ಫ್ಲಾಪಿಯಿಂದ ಹೊಸ ಫಾಂಟನ್ನು ಸೇರಿಸಿಬಿಟ್ಟರೆ ಆಯಿತು. ಬರಹದ ತಂತ್ರಾಂಶದ ಪಟ್ಟಿಯಲ್ಲಿ ಅದರ ಹೆಸರು ಕಾಣಿಸಿಕೊಳ್ಳುತ್ತದೆ. ಹಲಗೆಯೂ ಬೇಡ, ಹೆಚ್ಚಿನ ಖರ್ಚೂ ಬೇಡ. ಪುಟವಿನ್ಯಾಸಕ್ಕೆ ಪೇಜ್‌ಮೇಕರ್ ಇತ್ತು, ಮುದ್ರಣಕ್ಕೆ ಲೇಸರ್ ಯಂತ್ರವಿತ್ತು. ಮೊಳೆ ಜೋಡಿಸುತ್ತಿದ್ದ ಅಚ್ಚುಕೂಟಗಳ ಪಕ್ಕದಲ್ಲಿಯೇ ಡಿ.ಟಿ.ಪಿ. ಅಂಗಡಿಗಳು ತೆರೆದುಕೊಂಡವು.

ಆದರೆ ಆಗಿನ ವಿಂಡೋಸಿಗೆ ಒತ್ತಕ್ಷರದ ಕಲ್ಪನೆಯೇ ಇರಲಿಲ್ಲ. ಒಂದು ಸಂಖ್ಯೆಗೆ ಒಂದು ಚಿತ್ರ ತೋರಿಸುವುದಷ್ಟೇ ಅದಕ್ಕೆ ಗೊತ್ತು. ಆದ್ದರಿಂದ ಕನ್ನಡದ ತಂತ್ರಾಂಶ ಮಾಡಿದವರು ಹಳೆಯ ಟೈಪ್‌ರೈಟರಿನ ಉಪಾಯಕ್ಕೇ ಮೊರೆಹೋದರು. ಕನ್ನಡದ ಅಕ್ಷರಗಳನ್ನು ತುಂಡು ಮಾಡಿ, ಇಂಗ್ಲಿಷ್ ಹಾಗೂ ಯುರೋಪಿನ ಅಕ್ಷರಗಳ ಮನೆಗಳಲ್ಲಿ ಒಂದೊಂದು ತುಂಡನ್ನು ಬಾಡಿಗೆಗೆ ಇಟ್ಟರು. ಯಂತ್ರದ ಲೆಕ್ಕದಲ್ಲಿ ಅದು ಇಂಗ್ಲಿಷೇ. ಫಾಂಟಿನ ವೇಷ ತೊಡಿಸಿದಾಗ ಮಾತ್ರ ಕನ್ನಡ.

ಇದನ್ನು ಉದಾಹರಣೆಯಿಂದ ಹೇಳಿದರೆ ತಿಳಿದೀತು. ಬರಹ, ನುಡಿ ಎಂಬ ಹೆಸರಾಂತ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ 'ಕನ್ನಡ' ಎಂದು ಬರೆದು ಫಾಂಟನ್ನು ಕಳಚಿ ನೋಡಿ. ಮೊದಲು ಇಂಗ್ಲಿಷಿನ ದೊಡ್ಡ 'ಪಿ' ಬರುತ್ತದೆ, ಅದು ನಮ್ಮ 'ಕ'ದ ಮೈ. ಅದರ ಪಕ್ಕದಲ್ಲಿ ಫ್ರೆಂಚರು ಬಳಸುವ, ತಲೆಯ ಮೇಲೆ ಓರೆಗೆರೆಯಿರುವ 'ಎ', ಅದು ತಲೆಕಟ್ಟು. ಅನಂತರ ಬ್ರಿಟಿಷರ ಪೌಂಡು ಗುರುತು, ಅದು 'ನ'. ಮತ್ತೆ ತಲೆಕಟ್ಟು. ಅದಾದ ಮೇಲೆ ಜರ್ಮನರ ಜೋಡಿ ಎಸ್, ಅದು 'ನ'ದ ಒತ್ತು. ಚಿಕ್ಕ 'ಕ್ಯೂ' ಎಂದರೆ 'ಡ', ಮತ್ತೊಂದು ತಲೆಕಟ್ಟು. ಮುಗಿಯಿತು ಕನ್ನಡ! 'ಪ'ಕಾರ ಜಪಾನಿನ ಯೆನ್ ನಾಣ್ಯದ ಮನೆಯಲ್ಲಿದೆ. 'ಲ'ಕಾರ ವ್ಯಾಪಾರಮುದ್ರೆಯ ವೃತ್ತದಲ್ಲಿದೆ. 'ಳ'ಕಾರಕ್ಕೆ ಕಾಲು ಎಂಬ ಭಿನ್ನರಾಶಿಯ ಮನೆ. ಅರ್ಕಾವತ್ತು ಐಸ್‌ಲ್ಯಾಂಡಿನವರ 'ಎಥ್' ಎಂಬ ಅಕ್ಷರದಲ್ಲಿ ಬಿಡಾರ ಹೂಡಿದೆ. 'ಮ' ಎಂಬ ಒಂದೇ ಅಕ್ಷರ ಮೂರು ತುಂಡು: 'ವ'ದ ಮೈ, ತಲೆಕಟ್ಟು, 'ಕು' ಎಂಬಲ್ಲಿ ಬರುವ ಕೊಂಬು. ಅಕ್ಷರ ತಿದ್ದುವ ಮಕ್ಕಳಿಗೆ 'ವ' ಬರೆದು ಬಲಗಡೆ ಒಂದು ಸುತ್ತು ಹಾಕು, 'ಮ' ಆಗುತ್ತದೆ ಎಂದು ಹೇಳಿಕೊಡುವಂತೆಯೇ ಇದೂ ಎನ್ನಿ.

ಕಾಗದದ ಮೇಲೆ ಅಚ್ಚು ಹಾಕುವವರೆಗೆ ಇದರಿಂದ ತೊಂದರೆಯಿಲ್ಲ. ತೊಂದರೆ ಬಂದದ್ದು ಕಡತವನ್ನು ಕಡತವಾಗಿ ಬಳಸಲು ಹೋದಾಗ. ಸಂಘದ ಸದಸ್ಯರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದು ಯಂತ್ರಕ್ಕೆ ಹೇಳಿದರೆ ಅದು ಜೋಡಿಸುತ್ತಿದ್ದದ್ದು ಒಳಗಿನ ಇಂಗ್ಲಿಷ್ ಕ್ರಮದಲ್ಲಿ. 'ಯ'ಕಾರದ ಮೊದಲ ತುಂಡು ದೊಡ್ಡ 'ಎ' ಮನೆಯಲ್ಲಿಯೂ 'ಅ'ಕಾರ ದೊಡ್ಡ 'ಸಿ' ಮನೆಯಲ್ಲಿಯೂ ಇದ್ದುದರಿಂದ ಅನಂತಯ್ಯನವರಿಗಿಂತ ಮೊದಲು ಯಮುನಾಬಾಯಿಯವರು ಬಂದು ಕೂರುತ್ತಿದ್ದರು. 'ವ' ಹುಡುಕಿದರೆ 'ಮ'ವೂ ಸಿಗುತ್ತಿತ್ತು. ಎಲ್ಲಕ್ಕಿಂತ ಮೋಜಿನದು ವರ್ಡ್ ತಂತ್ರಾಂಶದ ಉಪಕಾರಬುದ್ಧಿ. ವಾಕ್ಯದ ಮೊದಲ ಇಂಗ್ಲಿಷ್ ಅಕ್ಷರ ಚಿಕ್ಕದಾಗಿದ್ದರೆ ಅದು ತಾನಾಗಿಯೇ ದೊಡ್ಡದು ಮಾಡುತ್ತದೆ. ಹಳೆಯ ಫಾಂಟಿನಲ್ಲಿ ಚಿಕ್ಕ 'ಡಿ' ಎಂದರೆ 'ಜ', ದೊಡ್ಡ 'ಡಿ' ಎಂದರೆ 'ಆ'. ಆದ್ದರಿಂದ 'ಜನ' ಎಂದು ವಾಕ್ಯ ಶುರುಮಾಡಿದರೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಅದು 'ಆನ' ಆಗಿಬಿಡುತ್ತಿತ್ತು. ಆ ಸವಲತ್ತನ್ನು ಆರಿಸಿದ ಮೇಲೆಯೇ ಕನ್ನಡದ ಕೆಲಸ ಆರಂಭಿಸುವುದು ಬಲ್ಲವರ ರೂಢಿಯಾಗಿತ್ತು.

ಇದಕ್ಕೂ ಮೇಲಿನ ತೊಡಕು ಒಪ್ಪಂದವಿಲ್ಲದಿದ್ದುದು. ಪುಣೆಯಲ್ಲಿ ಹುಟ್ಟಿದ ಶ್ರೀಲಿಪಿ, ಬೆಂಗಳೂರಿನ ಆಕೃತಿ, ಪ್ರಕಾಶಕ್ ಮುಂತಾದ ತಂತ್ರಾಂಶಗಳು ಒಂದೊಂದೂ ತಮ್ಮ ತಮ್ಮ ರೀತಿಯಲ್ಲಿ ತುಂಡುಗಳನ್ನು ಹಂಚಿಕೊಂಡಿದ್ದವು. ಚೆಲುವಾದ ಫಾಂಟುಗಳನ್ನು ಕೊಟ್ಟರೆಂಬುದರಲ್ಲಿ ಸಂದೇಹವಿಲ್ಲ, ಕನ್ನಡದ ಮುದ್ರಣ ಆ ವರ್ಷಗಳಲ್ಲಿ ನಡೆದದ್ದೇ ಅವುಗಳಿಂದ. ಆದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲು ಬಾರದು. ಮೊಳೆಗಳ ಕಾಲದಲ್ಲಿ ಒಂದು ಅಚ್ಚುಕೂಟದ ಪುಸ್ತಕ ಓದಲು ಅದೇ ಅಚ್ಚುಕೂಟದ ಕನ್ನಡಕ ಬೇಕೆಂದು ಯಾರಾದರೂ ಹೇಳಿದ್ದರೆ ಜನ ನಗುತ್ತಿದ್ದರು.

ಈ ಗೊಂದಲದ ನಡುವೆ ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದವರನ್ನು ನೆನೆಯಬೇಕು. ಮೊದಲನೆಯವರು ಕೆ. ಪಿ. ರಾವ್, ದಕ್ಷಿಣ ಕನ್ನಡದ ಕಿನ್ನಿಕಂಬಳದವರು. ಮುಂಬಯಿಯಲ್ಲಿ ಮುದ್ರಣ ತಂತ್ರಜ್ಞಾನದಲ್ಲಿ ದುಡಿದವರು, ಸಿಂಧೂ ಲಿಪಿಯ ಗಣಕಾಧ್ಯಯನದಲ್ಲಿಯೂ ಕೈಜೋಡಿಸಿದವರು ಎಂಬುದರಿಂದ ಇಲ್ಲಿಯ ಕನ್ನಡಿಗರಿಗೆ ವಿಶೇಷ ಅಭಿಮಾನ. ಅವರ ಕೀಲಿಮಣೆಯ ತತ್ವ ಸರಳ. ಆಕಾರವನ್ನು ಮರೆತು ಉಚ್ಚಾರದಂತೆ ಒತ್ತಿರಿ, ಗುಣಿತವನ್ನೂ ಒತ್ತನ್ನೂ ಕೂಡಿಸುವುದು ಯಂತ್ರದ ಪಾಡು. 'ಕನ್ನಡ' ಎನ್ನಲು ಐದೇ ಕೀಲಿ: ಕ, ನ, ಕೂಡಿಸುವ ಕೀಲಿ, ನ, ಡ. ಇದನ್ನು ಅಳವಡಿಸಿದ ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ಉಚಿತವಾಗಿ ಹಂಚಿದರು. ಕರ್ನಾಟಕ ಸರ್ಕಾರ ಮುಂದೆ ಶಿಷ್ಟವೆಂದು ಒಪ್ಪಿದ ಕೀಲಿಮಣೆಗೆ ಆಧಾರ ಇದೇ.

ಎರಡನೆಯದು 'ಬರಹ'. ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಅವರು 1998ರ ಜನವರಿ 1ರಂದು ಇದನ್ನು ಬಿಡುಗಡೆ ಮಾಡಿ ಯಾರು ಬೇಕಾದರೂ ಬಳಸಿ ಎಂದರು. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರೆ ಕನ್ನಡವಾಗಿ ಮೂಡುತ್ತಿತ್ತು. ಕನ್ನಡ ಟೈಪಿಂಗ್ ಕಲಿಯದ, ಇಂಗ್ಲಿಷ್ ಕೀಲಿಮಣೆ ಮಾತ್ರ ಗೊತ್ತಿದ್ದ ಹೊರನಾಡ ಕನ್ನಡಿಗರಿಗೆ ಇದು ವರವಾಯಿತು. ಊರು ಬಿಟ್ಟು ಹೋದವನೊಬ್ಬ ಊರು ಬಿಟ್ಟವರಿಗಾಗಿ ಮಾಡಿದ ಕೆಲಸ ಇದೆಂದು ನಮಗನ್ನಿಸುತ್ತದೆ. ಮೂರನೆಯದು, ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ 2000ದ ದಶಕದ ಆರಂಭದಲ್ಲಿ ಸಿದ್ಧಪಡಿಸಿದ 'ನುಡಿ'. ಬರಹ, ನುಡಿ ಎರಡರಲ್ಲೂ ತುಂಡುಗಳ ಹಂಚಿಕೆ ಒಂದೇ ಬಗೆಯಾದದ್ದರಿಂದ ಇದರ ಕಡತ ಅದರಲ್ಲಿ, ಅದರ ಕಡತ ಇದರಲ್ಲಿ ತೆರೆಯುವಂತಾಯಿತು. ಗೋಪುರದಂತಿದ್ದ ಗೋಡೆಗಳಲ್ಲಿ ಒಂದು ಬಾಗಿಲು ತೆರೆದಂತಾಯಿತು. ಪೂರ್ಣಚಂದ್ರ ತೇಜಸ್ವಿಯವರೂ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ತೀವ್ರವಾಗಿ ಚಿಂತಿಸಿ ಬರೆದರು, ಓಡಾಡಿದರು. ಕಾದಂಬರಿಕಾರರಿಗೇಕೆ ಈ ಉಸಾಬರಿ ಎಂದವರಿದ್ದರು. ಭಾಷೆ ಯಂತ್ರದೊಳಗೆ ಬಾರದಿದ್ದರೆ ಕಾದಂಬರಿಯನ್ನು ಓದುವವರಾರು ಎಂಬುದು ಅವರಿಗೆ ತಿಳಿದಿತ್ತು.

ನಾವು ಮುಂಬಯಿಗೆ ಬಂದ ಹೊಸದರಲ್ಲಿ, ಅಂದರೆ 2004ರ ಸುಮಾರಿಗೆ, ಮನೆಯಲ್ಲಿ ಕಂಪ್ಯೂಟರ್ ಇದ್ದವರು ಕಡಿಮೆ. ಗಂಟೆಯ ಲೆಕ್ಕದಲ್ಲಿ ಹಣ ತೆರುವ ಸೈಬರ್ ಕೆಫೆಯೇ ಗತಿ. ಕನ್ನಡ ಪತ್ರಿಕೆಗಳ ತಾಣ ತೆರೆದರೆ ಒಂದೊಂದಕ್ಕೂ ಒಂದೊಂದು ಫಾಂಟು ಬೇಕು. ಫಾಂಟನ್ನು ಇಳಿಸಿಕೊಂಡು ವಿಂಡೋಸಿಗೆ ಸೇರಿಸಲು ಯಂತ್ರದ ಯಜಮಾನನ ಅಪ್ಪಣೆ ಬೇಕು. ಕೆಫೆಯ ಹುಡುಗ ಮರಾಠಿಯಲ್ಲಿ, 'ಕಾಕಾ, ಅದೆಲ್ಲ ಹಾಕಬೇಡಿ, ವೈರಸ್ ಬರುತ್ತದೆ' ಎನ್ನುವನು. ಒಂದು ದಿನ ಮನವೊಲಿಸಿ ಹಾಕಿದರೂ ಮರುದಿನ ಅದೇ ಯಂತ್ರ ಸಿಗಬೇಕಲ್ಲ! ಇಪ್ಪತ್ತೆರಡು ಇಪ್ಪತ್ತಮೂರರ ನಮ್ಮನ್ನು ಅವನು ಕಾಕಾ ಎನ್ನುತ್ತಿದ್ದದ್ದು ಬೇರೆ ವಿಷಯ. ಊರಿನ ಸುದ್ದಿ ಓದಲು ಇಷ್ಟು ಹೆಣಗಾಡಿದ ಆ ದಿನಗಳನ್ನು ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ.

ಪರಿಹಾರ ಆ ಹೊತ್ತಿಗಾಗಲೇ ಸಿದ್ಧವಾಗಿತ್ತು, ನಮ್ಮನ್ನು ತಲುಪಿರಲಿಲ್ಲ. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಒಪ್ಪಂದ ಎಂಬ ಯುನಿಕೋಡ್ 1991ರಲ್ಲಿ ಮೊದಲ ಬಾರಿಗೆ ಪ್ರಕಟವಾದಾಗಲೇ ಅದರಲ್ಲಿ ಕನ್ನಡವಿತ್ತು. 3200ರಿಂದ 3327ರವರೆಗಿನ 128 ಮನೆಗಳು ಕನ್ನಡದ ಸ್ವಂತ ಆಸ್ತಿ. ಬಾಡಿಗೆಯ ಮಾತಿಲ್ಲ. 'ಕ' ಎಂದರೆ 3221, ಎಲ್ಲಿಯೂ ಯಾವಾಗಲೂ 3221. 'ಕ್ಷ' ಎಂದರೆ 3221, 3277, 3255. ಇಸ್ಕಿಯ ವಿವೇಕವನ್ನೇ ಯುನಿಕೋಡ್ ಎತ್ತಿಕೊಂಡಿತು. ಮನೆಗಳ ಕ್ರಮವನ್ನೂ ಅದರಿಂದಲೇ ಪಡೆಯಿತು. ಎಲ್ಲ ಭಾರತೀಯ ಲಿಪಿಗಳಿಗೂ ಒಂದೇ ಅಚ್ಚಿನ ಕ್ರಮವಿಟ್ಟ ಕಾರಣ ನಮ್ಮ ವರ್ಣಮಾಲೆಯಲ್ಲಿ 'ಹ'ದ ಬಳಿಕ ಬರುವ 'ಳ'ಕಾರ ಅಲ್ಲಿ 'ಲ'ದ ಪಕ್ಕದಲ್ಲಿದೆ. ಬರಿಯ ಸಂಖ್ಯೆಯ ಪ್ರಕಾರ ಅಕಾರಾದಿ ಮಾಡಿದರೆ ಅಷ್ಟು ವ್ಯತ್ಯಾಸ ಬರುತ್ತದೆ. ಯಮುನಾಬಾಯಿಯವರು ಅನಂತಯ್ಯನವರಿಗಿಂತ ಮೊದಲು ಬರುವುದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ.

ಯುನಿಕೋಡಿನಲ್ಲಿ ಫಾಂಟಿಗೆ ಉಳಿದದ್ದು ಫಾಂಟಿನ ಕೆಲಸ ಮಾತ್ರ. ಬರಹ ಸಂಖ್ಯೆಗಳಲ್ಲಿ ಇರುತ್ತದೆ, ಫಾಂಟು ಅದಕ್ಕೆ ರೂಪ ಕೊಡುತ್ತದೆ. 'ಷ'ದ ಹಿಂದೆ ಹಲಂತದೊಡನೆ 'ಕ' ಬಂದರೆ ಇಂಥ ಚಿತ್ರ ಹಾಕು, 'ಮ'ದ ಹಿಂದೆ 'ರ್' ಬಂದರೆ ಅರ್ಕಾವತ್ತನ್ನು ಮುಂದಕ್ಕೊಯ್ದು ಇಡು ಎಂಬ ನಿಯಮಗಳೆಲ್ಲ ಫಾಂಟಿನೊಳಗೇ ಬರೆದಿರುತ್ತವೆ. ಒಂದು ಫಾಂಟು ಇಲ್ಲದಿದ್ದರೆ ಇನ್ನೊಂದು ಕನ್ನಡ ಫಾಂಟು ಆ ಕೆಲಸಕ್ಕೆ ಒದಗುತ್ತದೆ. ಅಂದಗೆಡಬಹುದು, ಅರ್ಥಗೆಡುವುದಿಲ್ಲ.

ಆದರೆ ಆ ನಿಯಮಗಳನ್ನು ಓದಬಲ್ಲ ಯಂತ್ರ ಬೇಕಷ್ಟೆ. ಅದಕ್ಕೆ ಹತ್ತು ವರ್ಷ ಹಿಡಿಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ಪ್ರವೇಶ ಸಿಕ್ಕಿತು. ಜೊತೆಗೆ 'ತುಂಗಾ' ಎಂಬ ಫಾಂಟು ಬಂತು. ಹೆಸರು ಚೆನ್ನ, ರೂಪು ಅಷ್ಟಕ್ಕಷ್ಟೆ. ಅದೂ ತಾನಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲಿನಲ್ಲಿ ಭಾಷೆಗಳ ಪುಟ ಹುಡುಕಿ, ಸಂಕೀರ್ಣ ಲಿಪಿಗಳು ಎಂಬುದರ ಮುಂದಿನ ಚೌಕಕ್ಕೆ ಗುರುತು ಹಾಕಿ, ವಿಂಡೋಸಿನ ಮೂಲ ಸಿ.ಡಿ.ಯನ್ನು ಯಂತ್ರಕ್ಕೆ ಉಣಿಸಿ, ಒಮ್ಮೆ ಆರಿಸಿ ಮತ್ತೆ ಹಚ್ಚಿದರೆ ಮಾತ್ರ. ಮೂಲ ಸಿ.ಡಿ. ಯಾರ ಮನೆಯಲ್ಲಿತ್ತು? ಕನ್ನಡ ವಿಕಿಪೀಡಿಯಾ 2003ರಲ್ಲಿ ಆರಂಭವಾದಾಗ ಅದರಲ್ಲಿ ಬರೆಯುವವರಿರಲಿ, ಓದುವವರೂ ಮೊದಲು ಈ ಪೂಜೆ ಮುಗಿಸಿಕೊಂಡು ಬರಬೇಕಿತ್ತು.

ಅಚ್ಚಿನ ಲೋಕ ಇನ್ನೂ ತಡಮಾಡಿತು. ಡಿ.ಟಿ.ಪಿ. ಅಂಗಡಿಗಳ ಜೀವಾಳವಾಗಿದ್ದ ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯುನಿಕೋಡ್ ಕನ್ನಡ ಗೊತ್ತೇ ಇಲ್ಲ. ಅದರ ಸ್ಥಾನಕ್ಕೆ ಬಂದ ಇನ್‌ಡಿಸೈನ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸಲು ಕಲಿತದ್ದು 2012ರ ಆವೃತ್ತಿಯಲ್ಲಿ. ನಡುವಿನ ಹತ್ತು ಹನ್ನೊಂದು ವರ್ಷ ಕನ್ನಡದ ಪುಸ್ತಕ, ಪತ್ರಿಕೆ, ಲಗ್ನಪತ್ರಿಕೆಗಳು ಹಳೆಯ ತುಂಡಕ್ಷರದ ಫಾಂಟುಗಳಲ್ಲೇ ಮುಂದುವರಿದವು. ಅಂಗಡಿಯವರನ್ನು ದೂರಿ ಫಲವಿಲ್ಲ, ಅವರ ಕೈಯಲ್ಲಿದ್ದ ಹತ್ಯಾರೇ ಅದು. ಕನ್ನಡದ ಕಡತಗಳ ದೊಡ್ಡ ರಾಶಿ ಓದಲಾಗದ ಸ್ಥಿತಿಗೆ ಬಂದದ್ದು ಈ ಅಂತರದಲ್ಲಿ.

ಇದರ ಬಿಸಿ ನಮಗೆ ತಟ್ಟಿದ್ದು ಕೆಲವು ವರ್ಷಗಳ ಹಿಂದೆ. ಸಂಘದ ಹಿರಿಯ ಸದಸ್ಯರೊಬ್ಬರು, ಧಾರವಾಡದ ಕಡೆಯವರು, 1950ರ ದಶಕದಲ್ಲಿ ಹುಡುಗನಾಗಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡದ ರಾತ್ರಿಶಾಲೆಯಲ್ಲಿ ಓದಿ, ರೈಲ್ವೆಯಲ್ಲಿ ನೌಕರಿ ಹಿಡಿದವರು. ನಿವೃತ್ತರಾದ ಮೇಲೆ ತಮ್ಮ ನೆನಪುಗಳನ್ನು ಬರೆದು ಡಿ.ಟಿ.ಪಿ. ಅಂಗಡಿಯೊಂದರಲ್ಲಿ ಬೆರಳಚ್ಚು ಮಾಡಿಸಿದ್ದರು. ಪುಸ್ತಕವಾಗುವ ಮೊದಲೇ ತೀರಿಕೊಂಡರು. ಕೈಬರಹದ ಹಾಳೆಗಳು 2005ರ ಜುಲೈ 26ರ ಮಹಾಮಳೆಯಲ್ಲಿ ನೀರುಪಾಲಾಗಿದ್ದವು. ಅಂಗಡಿ ಯಾವಾಗಲೋ ಮುಚ್ಚಿತ್ತು. ಉಳಿದದ್ದು ಒಂದು ಸಿ.ಡಿ. ಅವರ ಮಗಳು ಅದನ್ನು ತೆರೆಸಿ ನೋಡಿ, ನಮ್ಮ ಬಳಿಗೆ ಬಂದು, 'ಇದೇನ್ರೀ ಇದು, ಅಪ್ಪಾರು ಬರೆದದ್ದು ಇದ ಏನು?' ಎಂದು ಕೇಳಿದರು. ಪರದೆಯ ತುಂಬ ಪೌಂಡು, ಯೆನ್, ತಲೆಗೆರೆಯ 'ಎ'ಗಳು.

ಅದೃಷ್ಟಕ್ಕೆ ಅದು ನುಡಿಯ ಹಂಚಿಕೆಯಲ್ಲಿತ್ತು. ಫಾಂಟು ಹೋದರೂ ಸಂಖ್ಯೆಗಳು ಹೋಗಿರುವುದಿಲ್ಲ. ಯಾವ ತಂತ್ರಾಂಶದ ಹಂಚಿಕೆಯೆಂದು ತಿಳಿದರೆ ಆ ತುಂಡುಗಳನ್ನು ಕೂಡಿಸಿ ಯುನಿಕೋಡಿಗೆ ಪರಿವರ್ತಿಸಬಹುದು. ಅಂಥ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಆದರೂ ಕಣ್ಣಿಟ್ಟು ತಿದ್ದದೆ ಗತಿಯಿಲ್ಲ. ಬರಿಯ ಪಠ್ಯವನ್ನು ಕೊಟ್ಟರೆ ನಿಜವಾದ ಇಂಗ್ಲಿಷ್ ಯಾವುದು, ವೇಷದ ಇಂಗ್ಲಿಷ್ ಯಾವುದೆಂದು ಪರಿವರ್ತಕಕ್ಕೆ ತಿಳಿಯುವುದಿಲ್ಲ. ಹಿರಿಯರು ಅಲ್ಲಲ್ಲಿ ರೈಲ್ವೆಯ ಹುದ್ದೆಗಳ ಹೆಸರನ್ನು ಇಂಗ್ಲಿಷಿನಲ್ಲೇ ಹಾಕಿಸಿದ್ದರು. ಅವೆಲ್ಲ ಅರ್ಥವಿಲ್ಲದ ಕನ್ನಡದ ಚೂರುಗಳಾಗಿ ಬಂದವು. 'ರ್‍ಯಾಂಕ್' ಎಂಬಂಥ ಮಾತಿನಲ್ಲಿ 'ರ' ಪೂರ್ಣವಾಗಿ ನಿಲ್ಲಬೇಕಾದಲ್ಲಿ ಅರ್ಕಾವತ್ತು ಬಂದು ಕೂತಿತ್ತು. ಅದಕ್ಕೆ ಕಣ್ಣಿಗೆ ಕಾಣದ ಒಂದು ಬೆಸುಗೆಯ ಸಂಕೇತವನ್ನು ನಡುವೆ ಸೇರಿಸಬೇಕು. ಸಂಜೆ ಕಚೇರಿಯಿಂದ ಬಂದು ಎರಡು ತಿಂಗಳು ಕುಳಿತೆವು. 140 ಪುಟ ಸಿದ್ಧವಾಯಿತು. ಮಗಳಿಗೆ ಕನ್ನಡ ಓದುವುದು ನಿಧಾನ, ಮೊಮ್ಮಗಳಿಗೆ ಬಾರದೇ ಬಾರದು. ಈಗ ಬರಹ ಯುನಿಕೋಡಿನಲ್ಲಿ ಇರುವುದರಿಂದ ಮೊಮ್ಮಗಳು ಅದನ್ನು ಮೊಬೈಲಿಗೆ ಕೊಟ್ಟು ಗಟ್ಟಿಯಾಗಿ ಓದಿಸಿ ಕೇಳುತ್ತಾಳಂತೆ. ಅಜ್ಜನ ರಾತ್ರಿಶಾಲೆಯ ಪ್ರಸಂಗ ಅವಳಿಗೆ ಬಾಯಿಪಾಠವಾಗಿದೆಯೆಂದು ತಾಯಿ ಹೇಳಿದರು.

ಮನೆಯಲ್ಲಿ ಹಳೆಯ ಕಡತಗಳಿರುವ ವಾಚಕರಿಗೆ ಎರಡು ಮಾತು ಉಪಯೋಗವಾದೀತು. ತೆರೆದಾಗ ವಿಚಿತ್ರ ಗುರುತುಗಳು ಕಂಡರೆ ಅಳಿಸಬೇಡಿ. ದೊಡ್ಡ 'ಪಿ', ಪೌಂಡು, ತಲೆಗೆರೆಯ 'ಎ' ಪದೇಪದೇ ಬಂದರೆ ಅದು ಬರಹ ಅಥವಾ ನುಡಿಯ ಬಗೆಯೆಂದು ತಿಳಿಯಬಹುದು. ಹಳೆಯ ಫಾಂಟಿನ ಕಡತ ಕೈಯಲ್ಲಿದ್ದರೆ ಈಗಿನ ವಿಂಡೋಸಿನಲ್ಲಿ ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ ಇನ್‌ಸ್ಟಾಲ್ ಎಂದರೆ ಸಾಕು, ಅಕ್ಷರ ಮೂಡುತ್ತದೆ. ಮೂಡಿತೆಂದು ಸುಮ್ಮನಾಗದೆ ಆಗಲೇ ಯುನಿಕೋಡಿಗೆ ಬದಲಾಯಿಸಿ ಇಡಬೇಕು. ಹೊಸದಾಗಿ ಬರೆಯುವವರು ಯುನಿಕೋಡಿನಲ್ಲೇ ಬರೆಯಲಿ, ಚೆಲುವಿಗೆ ಈಗ ಕೊರತೆಯಿಲ್ಲ. ಗೂಗಲ್ಲಿನ ನೋಟೋ ಫಾಂಟುಗಳು ಉಚಿತ. ಮುಂಬಯಿಯ ಏಕ್ ಟೈಪ್ ಬಳಗ ರೂಪಿಸಿದ 'ಬಾಲೂ ತಮ್ಮ' ಎಂಬ ಗುಂಡುಗುಂಡಾದ ಕನ್ನಡ ಫಾಂಟು ಶೀರ್ಷಿಕೆಗಳಿಗೆ ಬಹಳ ಸೊಗಸು, ಅದೂ ಉಚಿತ. ತಮ್ಮ ಎಂಬ ಹೆಸರೇ ಅರ್ಧ ಕೆಲಸ ಮಾಡುತ್ತದೆ.

ನಮ್ಮ ಸಂಘದ ಮಟ್ಟಿಗೆ ಹೇಳುವುದಾದರೆ 2006ರಿಂದ ಈಚಿನ ಸಂಚಿಕೆಗಳ ಪರಿವರ್ತನೆ ಮುಗಿದಿದೆ. ಅದಕ್ಕೂ ಹಿಂದಿನವುಗಳಲ್ಲಿ ಎರಡು ಸಿ.ಡಿ.ಗಳನ್ನು ಯಂತ್ರ ಓದಲೊಲ್ಲದು. 1999ರ ಸ್ಮರಣ ಸಂಚಿಕೆಯ ಕಡತವೇನೋ ಇದೆ. ಆದರೆ ಅದನ್ನು ಮಾಡಿದ ತಂತ್ರಾಂಶ ನಡೆಯಬೇಕಾದರೆ ಯಂತ್ರದ ಹಿಂಬದಿಗೆ ಸಿಕ್ಕಿಸುವ ಒಂದು ಪುಟ್ಟ ಬೀಗ ಬೇಕಾಗಿತ್ತು, ಅದು ಅಂಗಡಿಯವರೊಡನೆ ಹೋಯಿತು. ಅಕ್ಷರಗಳ ಹಂಚಿಕೆಯನ್ನು ಅಚ್ಚಾದ ಪುಟದ ಪಕ್ಕದಲ್ಲಿಟ್ಟು ಒಂದೊಂದಾಗಿ ಬಿಡಿಸಬೇಕು. ಅದಕ್ಕೆ ಅಚ್ಚಾದ ಪ್ರತಿ ಬೇಕು, ಗ್ರಂಥಾಲಯದಲ್ಲಿ ಅದು ಇಲ್ಲ. ಹಸಿರು ರಕ್ಷಾಪುಟದ ಆ ಸಂಚಿಕೆ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಭಾನುವಾರ ಸಂಜೆ ಸಂಘದ ಕಚೇರಿಗೆ ತಂದುಕೊಡಬೇಕಾಗಿ ಕೋರುತ್ತೇವೆ. ಪ್ರತಿ ಮಾಡಿಕೊಂಡು ಹದಿನೈದು ದಿನಗಳಲ್ಲಿ ಹಿಂದಿರುಗಿಸಲಾಗುವುದು.